ಕಿರೀಟ ಕರಗಿತು, ಕೂದಲು ಉಳಿಯಿತು

2019ರಲ್ಲಿ ಬಿಬಿಸಿಯ ‘ಆ್ಯಂಟಿಕ್ಸ್ ರೋಡ್‌ಷೋ’ ಕಾರ್ಯಕ್ರಮಕ್ಕೆ ಒಬ್ಬ ಮಹಿಳೆ ಒಂದು ಉಂಗುರ ತಂದಿದ್ದರು. ತೀರಿಹೋದ ಮಾವನ ಮನೆಯ ಅಟ್ಟದಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಂದು ಸಿಕ್ಕಿತ್ತು. ಬೀಗ ತೆಗೆದು ನೋಡಿದರೆ ಒಳಗಿದ್ದದ್ದು ಈ ಉಂಗುರ. ಅದರ ಒಳಮೈಯಲ್ಲಿ ‘ಸಿ. ಬ್ರಾಂಟಿ’ ಎಂಬ ಹೆಸರು, ಜೊತೆಗೆ 1855ರ ಮಾರ್ಚ್ ತಿಂಗಳು ಕೆತ್ತಿತ್ತು. ಉಂಗುರಕ್ಕೆ ಕಣ್ಣಿಗೆ ಬೀಳದಂತೆ ಸಣ್ಣದೊಂದು ಕೀಲು. ಕೀಲು ಬಿಚ್ಚಿದರೆ ಒಳಗೆ ಜಡೆಯ ಹಾಗೆ ನಯವಾಗಿ ಹೆಣೆದ ಕೂದಲು. ‘ಜೇನ್ ಐರ್’ ಕಾದಂಬರಿ ಬರೆದ ಷಾರ್ಲೆಟ್ ಬ್ರಾಂಟಿ ತೀರಿಕೊಂಡದ್ದು 1855ರ ಮಾರ್ಚ್ 31ರಂದು. ಬರೀ ಉಂಗುರವಾದರೆ ಇದಕ್ಕೆ 25 ಪೌಂಡು ಸಿಕ್ಕೀತು, ಆ ಹೆಸರೂ ಆ ಕೂದಲೂ ಇರುವುದರಿಂದ 20,000 ಪೌಂಡು ಎಂದು ಕಾರ್ಯಕ್ರಮದ ಪರಿಣತರು ಬೆಲೆ ಕಟ್ಟಿದರು.

ಚಿನ್ನಕ್ಕೆ 25, ಕೂದಲಿಗೆ ಉಳಿದದ್ದೆಲ್ಲ. ಆ ಲೆಕ್ಕ ನನ್ನ ತಲೆಯಿಂದ ಬಹಳ ದಿನ ಇಳಿಯಲಿಲ್ಲ. ತೂಕ ನೋಡಿ, ಟಚ್ ನೋಡಿ, ವೇಸ್ಟೇಜು ಕಳೆದು ಒಡವೆಗೆ ಬೆಲೆ ಕಟ್ಟುವ ಊರಿನಲ್ಲಿ ಬೆಳೆದವಳು ನಾನು. ನಮ್ಮಜ್ಜಿಯ ಅಡ್ಡಿಕೆಯನ್ನು ನನ್ನ ಕಣ್ಣೆದುರಿಗೇ ಕರಗಿಸಿದರು. ಮೂಸೆಗೆ ಹಾಕಿ ಊದಿದ ಐದು ನಿಮಿಷದಲ್ಲಿ ಎರಡು ತಲೆಮಾರಿನ ಕೊರಳು ಕಂಡಿದ್ದ ಅಡ್ಡಿಕೆ ಒಂದು ಗುಂಡಿಯಷ್ಟು ಚಿನ್ನವಾಯಿತು, ಆಮೇಲೆ ಅದು ಅಕ್ಕನ ಮದುವೆಯ ನೆಕ್ಲೇಸಾಯಿತು. ಮನೆಯಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ. ಹಳೇದು ಹಾಕಿ ಹೊಸದು ಮಾಡಿಸುವುದು ನಮ್ಮಲ್ಲಿ ಬುದ್ಧಿವಂತಿಕೆಯ ಲಕ್ಷಣ.

ಬ್ರಿಟಿಷರೂ ಇದನ್ನೇ ಮಾಡಿದರು. ಪುರಾತನ ಬ್ರಿಟಿಷ್ ಒಡವೆಯ ಚರಿತ್ರೆ ಓದಲು ಕೂತರೆ ಮೊದಲು ಎದುರಾಗುವುದು ಆ ಒಡವೆಗಳಲ್ಲ, ಅವು ಇಲ್ಲದ ಖಾಲಿ ಜಾಗ. ಫ್ಯಾಷನ್ ಬದಲಾದಾಗಲೆಲ್ಲ ಹಳೆಯದನ್ನು ಒಡೆದು, ಹರಳು ಕಿತ್ತು, ಚಿನ್ನ ಕರಗಿಸಿ ಹೊಸದು ಕಟ್ಟಿಸಿದರು. ಹದಿನೆಂಟನೆಯ ಶತಮಾನದ ದೊಡ್ಡ ಮನೆತನಗಳ ವಜ್ರದ ಸೆಟ್ಟುಗಳು ಮೊದಲಿನ ರೂಪದಲ್ಲಿ ಉಳಿದಿರುವುದು ಬಲು ಅಪರೂಪ. ಅರಸರ ಕಿರೀಟಕ್ಕೂ ಅದೇ ಗತಿ. 1649ರ ಜನವರಿ 30ರಂದು ಒಂದನೇ ಚಾರ್ಲ್ಸ್‌ನ ತಲೆ ಕಡಿಸಿದ ಪಾರ್ಲಿಮೆಂಟು, ಪಟ್ಟಾಭಿಷೇಕದ ಕಿರೀಟ, ರಾಜದಂಡಗಳನ್ನೆಲ್ಲ ಒಡೆಸಿ ಟಂಕಸಾಲೆಗೆ ಕಳಿಸಿತು. ಕಿರೀಟದ ಚಿನ್ನ ನಾಣ್ಯವಾಯಿತು, ಹರಳುಗಳು ಮಾರಾಟವಾದವು. ಅಷ್ಟೂ ಪಟ್ಟಾಭಿಷೇಕದ ಸಾಮಗ್ರಿಯಲ್ಲಿ ತಪ್ಪಿಸಿಕೊಂಡ ಹಳೆಯ ಅಕ್ಕಸಾಲಿ ಕೆಲಸವೆಂದರೆ ಹನ್ನೆರಡನೆಯ ಶತಮಾನದ, ಅಭಿಷೇಕದ ಎಣ್ಣೆ ಎರೆಯುವ ಒಂದು ಚಮಚ. ಇವತ್ತು ಲಂಡನ್ ಟವರ್‌ನಲ್ಲಿ ಜನ ಸಾಲುಗಟ್ಟಿ ನೋಡುವ ಸೇಂಟ್ ಎಡ್ವರ್ಡ್ ಕಿರೀಟ 1661ರಲ್ಲಿ, ಎರಡನೇ ಚಾರ್ಲ್ಸ್‌ನ ಪಟ್ಟಕ್ಕೆಂದು ಹೊಸದಾಗಿ ಮಾಡಿಸಿದ್ದು.

ಆದರೆ ಸತ್ತ ದೊರೆಯದು ಇನ್ನೊಂದು ವಸ್ತು ಉಳಿದುಕೊಂಡಿತು. ಅವನ ಕಡೆಯವರು ಗುಟ್ಟಾಗಿ ಉಂಗುರ, ಪದಕಗಳನ್ನು ಮಾಡಿಸಿಕೊಂಡರು. ಅವುಗಳಲ್ಲಿ ಅವನ ಪುಟ್ಟ ಚಿತ್ರ, ಹೆಸರಿನ ಅಕ್ಷರಗಳು, ಕೆಲವದರಲ್ಲಿ ಅವನದೆಂದು ನಂಬಿದ ಕೂದಲು. ಮೇಲೆ ಮುಖ ಕೊಯ್ದ ಸ್ಫಟಿಕದ ಮುಚ್ಚಳ. ಅವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಕಿರೀಟ ಕರಗಿತು, ಕೂದಲು ಉಳಿಯಿತು. ಬ್ರಿಟಿಷ್ ಒಡವೆ ಎಂದರೆ ನಮ್ಮ ಮನಸ್ಸು ಸೀದಾ ಕೊಹಿನೂರಿಗೆ ಹೋಗುತ್ತದೆ, ಶ್ರೀರಂಗಪಟ್ಟಣದಿಂದ 1799ರಲ್ಲಿ ಸೂರೆಯಾಗಿ ಹೋದ ಟಿಪ್ಪುವಿನ ಸಿಂಹಾಸನದ ಹುಲಿಮುಖಗಳಿಗೆ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಆ ದೇಶದ ಜನ ಸ್ವಂತಕ್ಕೆ, ಮನೆಯೊಳಗೆ, ಮೈಗೆ ತಾಗಿಸಿಕೊಂಡು ತೊಟ್ಟದ್ದೇನು ಎಂದು ಕೇಳಿದರೆ ಸಿಗುವ ಉತ್ತರ ಬೇರೆ. ಮೂರು ಶತಮಾನ ಅವರು ಸತ್ತವರನ್ನು ತೊಟ್ಟುಕೊಂಡರು.

ಈ ಮಾತು ಕನ್ನಡದ ಕಿವಿಗೆ ಕಸಿವಿಸಿಯೆನಿಸುವುದು ಸಹಜ. ನಮ್ಮಲ್ಲಿ ಸಾವು ಬಂದರೆ ಒಡವೆ ಕಳಚಬೇಕು. ಬಳೆ ಒಡೆಯುತ್ತಾರೆ, ತಾಳಿ ತೆಗೆಯುತ್ತಾರೆ, ಮೂಗುತಿ ಬಿಚ್ಚುತ್ತಾರೆ. ಕೆಲವು ಮನೆತನಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆಯನ್ನೇ ಬೋಳಿಸುತ್ತಿದ್ದ ಕಾಲ ನಮ್ಮ ಅಜ್ಜಿಯರ ನೆನಪಿಗೆ ದೂರದ್ದಲ್ಲ. ಕತ್ತರಿಸಿದ ಕೂದಲು ಮೈಲಿಗೆ, ಮನೆಯೊಳಗೆ ಬಿದ್ದಿರಕೂಡದು. ಅಲ್ಲಿ ನಡೆದದ್ದು ನೇರ ವಿರುದ್ಧ. ಗಂಡ ಸತ್ತರೆ ಅವನ ಕೂದಲು ಕತ್ತರಿಸಿಟ್ಟು, ಹೆಣೆಸಿ, ಚಿನ್ನ ಕಟ್ಟಿಸಿ, ಹೆಂಡತಿ ಕೊರಳಿಗೆ ಹಾಕಿಕೊಂಡಳು. ಇಲ್ಲಿ ಸಾವು ಒಡವೆ ಕಳಚಿಸಿತು, ಅಲ್ಲಿ ತೊಡಿಸಿತು. ಯಾವುದು ಮೇಲು ಎಂಬ ಪ್ರಶ್ನೆ ನನ್ನದಲ್ಲ. ಅಲ್ಲಿನ ವಿಧವೆಯರಿಗೂ ಉಡುಗೆ ತೊಡುಗೆಯ ಕಟ್ಟಳೆಗಳು ಉಸಿರುಗಟ್ಟಿಸುವಷ್ಟಿದ್ದವು. ಆದರೂ ಸತ್ತವರನ್ನು ಮುಟ್ಟುವಷ್ಟು ಹತ್ತಿರ ಇಟ್ಟುಕೊಳ್ಳಲು ಅವರಿಗೆ ಒಂದು ದಾರಿ ಇತ್ತು ಎಂಬುದು ನನ್ನನ್ನು ಮತ್ತೆ ಮತ್ತೆ ಈ ಒಡವೆಗಳ ಬಳಿಗೆ ಕರೆದೊಯ್ಯುತ್ತದೆ.

ಮೊದಮೊದಲು ಅದು ಉಯಿಲಿನ ವ್ಯವಹಾರ. ಸಾಯುವವರು ತಮ್ಮ ನೆನಪಿಗೆ ಉಂಗುರ ಮಾಡಿಸಿಕೊಳ್ಳಿ ಎಂದು ಸ್ನೇಹಿತರಿಗೆ ದುಡ್ಡು ಬಿಟ್ಟು ಹೋಗುತ್ತಿದ್ದರು. 1616ರಲ್ಲಿ ತೀರಿಕೊಂಡ ಷೇಕ್ಸ್‌ಪಿಯರ್, ತನ್ನ ಜೊತೆ ನಾಟಕ ಕಟ್ಟಿದ ಹೆಮಿಂಜಸ್, ಬರ್ಬೇಜ್, ಕಾಂಡೆಲ್ ಈ ಮೂವರಿಗೆ ತಲಾ 26 ಷಿಲಿಂಗ್ 8 ಪೆನ್ಸ್ ಬರೆದಿಟ್ಟದ್ದು ಉಂಗುರ ಕೊಳ್ಳಲೆಂದೇ. ಆ ಮೂವರಲ್ಲಿ ಇಬ್ಬರು ಮುಂದೆ 1623ರಲ್ಲಿ ಅವನ ನಾಟಕಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿಸಿದರು. ಲಂಡನ್ನಿನ ದಿನಚರಿ ಬರೆದ ಸ್ಯಾಮ್ಯುಯೆಲ್ ಪೀಪ್ಸ್ 1703ರಲ್ಲಿ ಸತ್ತಾಗ ಹಂಚಿದ ಉಂಗುರಗಳ ಸಂಖ್ಯೆ 120ಕ್ಕೂ ಹೆಚ್ಚು. ಅವನ್ನೂ ಸಂಬಂಧ, ಅಂತಸ್ತು ನೋಡಿ ಬೇರೆ ಬೇರೆ ಬೆಲೆಯಲ್ಲಿ ಮಾಡಿಸಿದ್ದರು. ನಮ್ಮಲ್ಲಿ ಮದುವೆಯಲ್ಲಿ ಯಾರಿಗೆ ರೇಷ್ಮೆ ಸೀರೆ, ಯಾರಿಗೆ ಬರೀ ರವಿಕೆ ಕಣ ಎಂದು ಲೆಕ್ಕ ಹಾಕುವ ಹಾಗೆ.

ಹದಿನೇಳನೆಯ ಶತಮಾನದ ಈ ಉಂಗುರಗಳ ಮೇಲೆ ತಲೆಬುರುಡೆ ಇರುತ್ತಿತ್ತು. ಅಡ್ಡಡ್ಡ ಇಟ್ಟ ಮೂಳೆ, ಗುದ್ದಲಿ, ಮರಳು ಗಡಿಯಾರ. ಕಪ್ಪು ಎನಾಮೆಲ್ಲಿನ ಮೇಲೆ ಬಿಳಿಯ ಅಸ್ಥಿಪಂಜರ. ನೀನೂ ಸಾಯುವವನೇ ಎಂದು ತೊಟ್ಟವನಿಗೆ ಬೆರಳಿನಿಂದಲೇ ಎಚ್ಚರ. ಮುಂದಿನ ನೂರು ವರ್ಷದಲ್ಲಿ ಬುರುಡೆ ಮೆಲ್ಲಗೆ ಮರೆಯಾಯಿತು. ಅದರ ಜಾಗಕ್ಕೆ ಗ್ರೀಕ್ ಮಾದರಿಯ ಅಸ್ಥಿಕಲಶ ಬಂತು, ಬಾಗಿದ ವಿಲ್ಲೋ ಮರ ಬಂತು, ಸಮಾಧಿಗೆ ಒರಗಿ ಅಳುವ ಹೆಣ್ಣು ಬಂದಳು. ಇಷ್ಟನ್ನೂ ಹೆಬ್ಬೆರಳಿನ ಉಗುರಿನಷ್ಟು ದಂತದ ತುಂಡಿನ ಮೇಲೆ ಕಂದು ಬಣ್ಣದಲ್ಲಿ ಬರೆಯುತ್ತಿದ್ದರು. ಕೆಲವು ಕಲಾವಿದರು ಸತ್ತವರ ಕೂದಲನ್ನು ಸಣ್ಣಗೆ ಹೆಚ್ಚಿ, ಪುಡಿ ಮಾಡಿ, ಆ ಬಣ್ಣದೊಳಕ್ಕೇ ಬೆರೆಸುತ್ತಿದ್ದರು. ಆ ವಿಲ್ಲೋ ಮರದ ಎಲೆಗಳಲ್ಲಿ ಒಬ್ಬ ಮನುಷ್ಯನ ಅಂಶ ಇದೆ ಎಂದು ಗೊತ್ತಾದ ಮೇಲೆ ಆ ಚಿತ್ರವನ್ನು ಬರೀ ಚಿತ್ರವೆಂದು ನೋಡುವುದು ಕಷ್ಟ.

ಎನಾಮೆಲ್ಲಿನ ಬಣ್ಣಕ್ಕೂ ಅರ್ಥ ಇತ್ತು. ಮದುವೆಯಾದವರು ಸತ್ತರೆ ಕಪ್ಪು, ಮದುವೆಯಾಗದವರಿಗೆ ಮತ್ತು ಮಕ್ಕಳಿಗೆ ಬಿಳಿ. ಬಿಳಿಯ ಪಟ್ಟಿಯ ಮೇಲೆ ಹೆಸರು, ದಿನಾಂಕ, ಸಾಯುವಾಗಿನ ವಯಸ್ಸು. ಆ ವಯಸ್ಸಿನ ಜಾಗದಲ್ಲಿ ಕೆಲವೊಮ್ಮೆ ವರ್ಷವೇ ಇರುವುದಿಲ್ಲ, ಬರೀ ತಿಂಗಳು. ಹಾಗೆಯೇ ಮುತ್ತು ಎಂದರೆ ಕಣ್ಣೀರು. ಲಾಕೆಟ್ಟಿನ ಅಂಚಿಗೆ ಸಣ್ಣ ಮುತ್ತುಗಳ ಸಾಲು ಕಂಡರೆ ಅದು ಅಂದಕ್ಕೆ ಮಾತ್ರ ಕೂರಿಸಿದ್ದಲ್ಲ ಎಂದು ಅಂದಿನವರಿಗೆ ತಿಳಿಯುತ್ತಿತ್ತು.

ಈ ಉಂಗುರಗಳ ಚರಿತ್ರೆಯನ್ನು ಇಷ್ಟು ನಿಖರವಾಗಿ ಹೇಳಲು ಸಾಧ್ಯವಾಗಿರುವುದಕ್ಕೆ ಒಂದು ಕಾನೂನೂ ಕಾರಣ. ಇವತ್ತು ನಾವು ಅಂಗಡಿಯಲ್ಲಿ ‘ಹಾಲ್‌ಮಾರ್ಕ್ ಇದೆಯಾ’ ಎಂದು ಕೇಳುತ್ತೇವಲ್ಲ, ಆ ಪದದೊಳಗಿನ ‘ಹಾಲ್’ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್, ಅಂದರೆ ಅಕ್ಕಸಾಲಿಗರ ಸಂಘದ ಭವನ. 1300ರಲ್ಲಿ ಒಂದನೇ ಎಡ್ವರ್ಡ್ ದೊರೆ ಬೆಳ್ಳಿಗೆ ಚಿರತೆಯ ಮುಖದ ಮುದ್ರೆ ಕಡ್ಡಾಯ ಮಾಡಿದ. 1363ರಲ್ಲಿ ಮಾಡಿದವನ ಗುರುತೂ ಸೇರಿತು. 1478ರಿಂದ ಪರೀಕ್ಷೆ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿಯೇ ನಡೆಯತೊಡಗಿತು, ವರ್ಷಕ್ಕೊಂದು ಅಕ್ಷರ ಒತ್ತುವ ಪದ್ಧತಿಯೂ ಬಂತು. ಈ ಅಕ್ಷರದಿಂದಾಗಿಯೇ ನಾನ್ನೂರು ವರ್ಷ ಹಳೆಯ ಚಮಚವೊಂದನ್ನು ಭೂತಗನ್ನಡಿಯಲ್ಲಿ ನೋಡಿ ಅದು ಯಾವ ವರ್ಷ ಒತ್ತಿದ್ದೆಂದು ಹೇಳಬಹುದು. ಜಗತ್ತಿನ ಗ್ರಾಹಕ ರಕ್ಷಣೆಯ ಕಾನೂನುಗಳಲ್ಲಿ ಇದಕ್ಕಿಂತ ಹಿರಿಯವು ಹೆಚ್ಚಿಲ್ಲ.

ಬರ್ಮಿಂಗ್‌ಹ್ಯಾಮ್‌ನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ತನ್ನ ಬೆಳ್ಳಿ ಸಾಮಾನನ್ನು ಮುದ್ರೆ ಒತ್ತಿಸಲು ದೂರದ ಚೆಸ್ಟರ್‌ಗೆ ಗಾಡಿಯಲ್ಲಿ ಕಳಿಸಬೇಕಿತ್ತು, ವಾಪಸು ಬರುವಷ್ಟರಲ್ಲಿ ಕೆಲವು ನಗ್ಗಿರುತ್ತಿದ್ದವು. ಅವನು ಪಟ್ಟು ಹಿಡಿದು ಪಾರ್ಲಿಮೆಂಟಿನಿಂದ 1773ರಲ್ಲಿ ತನ್ನೂರಿಗೂ ಷೆಫೀಲ್ಡ್‌ಗೂ ಪರೀಕ್ಷಾ ಕಚೇರಿ ತಂದ. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದದ್ದು ‘ಕ್ರೌನ್ ಅಂಡ್ ಆ್ಯಂಕರ್’ ಎಂಬ ಪಾನಗೃಹದಲ್ಲಿ. ನಾಣ್ಯ ಚಿಮ್ಮಿ ನೋಡಿ ಕಿರೀಟವನ್ನು ಷೆಫೀಲ್ಡೂ ಲಂಗರನ್ನು ಬರ್ಮಿಂಗ್‌ಹ್ಯಾಮೂ ಹಂಚಿಕೊಂಡವು ಎಂಬ ಕತೆ ಇದೆ. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮ್‌ನ ಒಡವೆಗೆ ಇವತ್ತಿಗೂ ಲಂಗರಿನ ಮುದ್ರೆ.

ಶೋಕದ ಉಂಗುರಕ್ಕೂ ಈ ಮುದ್ರೆಗೂ ನಂಟಿದೆ. ಹದಿನೆಂಟನೆಯ ಶತಮಾನದ ಕಾನೂನು ಹರಳು ಕೂರಿಸಿದ ಸಣ್ಣಪುಟ್ಟ ಒಡವೆಗೆಲ್ಲ ಮುದ್ರೆಯಿಂದ ವಿನಾಯಿತಿ ಕೊಟ್ಟಿತು, ಶೋಕದ ಉಂಗುರವನ್ನು ಮಾತ್ರ ಹೆಸರಿಸಿ ಹೊರಗಿಟ್ಟಿತು. ಅಳುವ ಮನೆಯವರು ಚಿನ್ನ ಒರೆಹಚ್ಚಿ ನೋಡುವ ಸ್ಥಿತಿಯಲ್ಲಿರುವುದಿಲ್ಲ, ಮೋಸ ಮಾಡುವುದು ಸುಲಭ. ಆ ಕಾನೂನು ಬರೆದವರ ಮನಸ್ಸಿನಲ್ಲಿ ಇದೇ ಇತ್ತೆಂದು ನನ್ನ ಊಹೆ.

ಎಲ್ಲ ಗುಟ್ಟಿನ ಒಡವೆಯೂ ಸಾವಿನದಲ್ಲ. ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜ, ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಯನ್ನು ಪ್ರೀತಿಸಿದ. ಕಾನೂನು ಒಪ್ಪದ ಆ ಮದುವೆ 1785ರ ಡಿಸೆಂಬರಿನಲ್ಲಿ ಕದ್ದುಮುಚ್ಚಿ ನಡೆಯಿತು. ಮುಖ ತೋರಿಸುವಂತಿಲ್ಲ, ಹಾಗಾಗಿ ಒಂದು ಕಣ್ಣು ಮಾತ್ರ ಬರೆಸಿದ ಪುಟ್ಟ ಚಿತ್ರವನ್ನು ಅವನು ಅವಳಿಗೆ ಕಳಿಸಿದ. ನೋಡಿದವರಿಗೆ ಯಾರ ಕಣ್ಣೆಂದು ತಿಳಿಯದು, ಪ್ರೀತಿಸಿದವಳಿಗೆ ತಿಳಿಯದೆ ಇರದು. ಕೆಲವೇ ದಿನಗಳಲ್ಲಿ ಅದು ಶ್ರೀಮಂತರ ಫ್ಯಾಷನ್ ಆಯಿತು, ಆಮೇಲೆ ಸತ್ತವರ ಕಣ್ಣುಗಳೂ ಮುತ್ತಿನ ಅಂಚಿನೊಳಗೆ ಬಂದು ಕೂತವು. 1830ರಲ್ಲಿ ಜಾರ್ಜ್ ಸತ್ತಾಗ ಮರಿಯಾಳ ಚಿತ್ರವನ್ನು ಅವನ ಕೊರಳಿನಲ್ಲಿಯೇ ಬಿಟ್ಟು ಹೂಳಿದರು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ವಿಟ್‌ಬಿ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಯಾರ್ಕ್‌ಷೈರ್ ಸೀಮೆಯ ಸಣ್ಣ ಬಂದರು. ಬಂಡೆಯ ನೆತ್ತಿಯ ಮೇಲೆ ಪಾಳುಬಿದ್ದ ಮಠ, ಅಲ್ಲಿಗೆ ಹತ್ತಲು 199 ಮೆಟ್ಟಿಲು, ಕೆಳಗೆ ಮೀನು ದೋಣಿ. ಬ್ರಾಮ್ ಸ್ಟೋಕರ್ ತನ್ನ ಡ್ರಾಕುಲಾನನ್ನು ಹಡಗಿನಿಂದ ಇಳಿಸಿದ್ದು ಇದೇ ಊರಿಗೆ. ಆ ಬಂಡೆಗಳ ಪದರದಲ್ಲಿ ಸಿಗುತ್ತದೆ ‘ಜೆಟ್’. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ನಮ್ಮ ನೆಲದಲ್ಲಿ ಅದರ ಬಳಕೆ ಇರಲಿಲ್ಲ. ಕಲ್ಲಿದ್ದಲಿನ ದಾಯಾದಿ ಎನ್ನಬಹುದು. ಸುಮಾರು 18 ಕೋಟಿ ವರ್ಷಗಳ ಹಿಂದೆ ಅರೌಕೇರಿಯಾ ಜಾತಿಯ ಮರಗಳು ಹೊಳೆಯಲ್ಲಿ ತೇಲಿ ಸಮುದ್ರಕ್ಕೆ ಬಿದ್ದು, ನೆಂದು, ಗಾಳಿಯಾಡದ ಕೆಸರಿನಲ್ಲಿ ಹೂತುಹೋದವು. ಮೇಲಿನ ಪದರಗಳ ಭಾರಕ್ಕೆ ಅಮುಕಿ ಅಮುಕಿ ಕಪ್ಪಾದವು. ಹಾಗಾಗಿ ಜೆಟ್ ಕಲ್ಲಿನಂತೆ ಕಂಡರೂ ಕಲ್ಲಲ್ಲ, ಮರ. ಕೈಯಲ್ಲಿ ಹಿಡಿದಾಗ ಅದರ ಹಗುರ ನಂಬಲಾಗದು. ಅಂಗೈಗೆ ತಣ್ಣಗೂ ಆಗುವುದಿಲ್ಲ. ಕೊರಳ ತುಂಬ ದಪ್ಪ ಮಣಿಯ ಸರ ಹಾಕಿದರೂ ಭಾರವಿಲ್ಲ. ಕಂಚಿನ ಯುಗದ ಸಮಾಧಿಗಳಲ್ಲಿ ಜೆಟ್ ಮಣಿ ಸಿಕ್ಕಿವೆ. ರೋಮನ್ನರು ಇದನ್ನು ಯಾರ್ಕ್ ಪಟ್ಟಣದಲ್ಲಿ ಕೆತ್ತುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಟ್‌ಬಿಯಲ್ಲಿ ಯಾರೋ ಕೆಲವರು ಚಾಕು, ಅರಗಳಿಂದ ಶಿಲುಬೆ, ಮಣಿ ಕೆತ್ತುತ್ತಿದ್ದರು. ಆಮೇಲೆ ಕಡೆಯುವ ಯಂತ್ರ ಬಂತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಜೆಟ್ ಎಲ್ಲರ ಕಣ್ಣಿಗೆ ಬಿತ್ತು. ಹತ್ತೇ ವರ್ಷದ ನಂತರ, 1861ರ ಡಿಸೆಂಬರ್ 14ರಂದು, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ 42ರ ವಯಸ್ಸಿನಲ್ಲಿ ವಿಂಡ್ಸರ್ ಅರಮನೆಯಲ್ಲಿ ತೀರಿಕೊಂಡ. ರಾಣಿ ಕಪ್ಪು ಉಟ್ಟಳು. 1901ರಲ್ಲಿ ಸಾಯುವವರೆಗೆ, ಹತ್ತಿರ ಹತ್ತಿರ ನಲವತ್ತು ವರ್ಷ, ಕಪ್ಪಿನಿಂದ ಹೊರಗೆ ಬರಲಿಲ್ಲ. ಆಸ್ಥಾನದವರು ಅವಳನ್ನು ನೋಡಿ ಉಟ್ಟರು, ಆಸ್ಥಾನ ನೋಡಿ ವ್ಯಾಪಾರಿಗಳ ಮನೆಯವರು, ಅವರನ್ನು ನೋಡಿ ಉಳಿದವರು. ಶೋಕಕ್ಕೆ ಮೆಟ್ಟಿಲುಗಳಿದ್ದವು: ಗಂಡ ಸತ್ತ ಮೊದಲ ವರ್ಷ ಹೊಳಪಿಲ್ಲದ ಕ್ರೇಪ್ ಬಟ್ಟೆ, ಒಡವೆ ಎಂದರೆ ಜೆಟ್ ಮಾತ್ರ. ಎರಡು ವರ್ಷ ದಾಟಿ ಅರೆಶೋಕಕ್ಕೆ ಬಂದರೆ ಬೂದಿ, ತಿಳಿನೇರಳೆ ಬಣ್ಣ. ಆಗ ಅಮೆಥಿಸ್ಟ್ ಹರಳು, ಮುತ್ತು ತೊಡಬಹುದು.

1870ರ ಸುಮಾರಿಗೆ ವಿಟ್‌ಬಿಯಲ್ಲಿ ಜೆಟ್ ಕೆಲಸಕ್ಕೆ ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರು ಕೂರುತ್ತಿದ್ದರು. ಕೆಲವರು ಬಂಡೆಗೆ ಸುರಂಗ ಕೊರೆದು ಕಚ್ಚಾ ಜೆಟ್ ಕೀಳುವವರು, ಕೆಲವರು ಸೀಳುವವರು, ಕೆತ್ತುವವರು, ಮಣಿ ಪೋಣಿಸುವವರು. ಹೊಳಪು ಕೊಡಲು ಅಕ್ಕಸಾಲಿಗರ ಕೆಂಪು ಪುಡಿ, ಅಂದರೆ ನುಣ್ಣನೆಯ ಕಬ್ಬಿಣದ ತುಕ್ಕು, ಹಚ್ಚಿದ ಚಕ್ರಕ್ಕೆ ಒತ್ತಿ ಹಿಡಿಯಬೇಕು. ಸಂಜೆ ಮನೆಗೆ ಹೋಗುವಾಗ ಮುಖ, ಕೈ, ಬಟ್ಟೆ ಎಲ್ಲ ಆ ಕೆಂಪು. ಇಡೀ ದೇಶಕ್ಕೆ ಕಪ್ಪು ತೊಡಿಸಿದವರು ಕೆಂಪು ಬಳಿದುಕೊಂಡು ಬೀದಿಯಲ್ಲಿ ನಡೆಯುತ್ತಿದ್ದರು. ಜೆಟ್ ದೂಳು ಕುಡಿದ ಆ ಎದೆಗೂಡುಗಳ ನೆನಪಿಗೆ ಯಾರೂ ಬ್ರೂಚ್ ಮಾಡಿಸಲಿಲ್ಲ. ಒಳ್ಳೆಯ ಜೆಟ್ ತುಂಡಿನ ಮೇಲೆ ಅವರು ಕೆತ್ತಿದ ಗುಲಾಬಿ, ದ್ರಾಕ್ಷಿ ಗೊಂಚಲು, ಹೂವು ಹಿಡಿದ ಹೆಣ್ಣಿನ ಕೈಗಳನ್ನು ವಿಟ್‌ಬಿಯ ಮ್ಯೂಸಿಯಂನಲ್ಲಿ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಬೇಡಿಕೆ ಏರಿದಾಗ ನಕಲು ಬಾರದಿರುತ್ತದೆಯೇ? ‘ಫ್ರೆಂಚ್ ಜೆಟ್’ ಎಂದು ಮಾರಿದ್ದು ಕಪ್ಪು ಗಾಜು. ಕೆನ್ನೆಗೆ ತಾಗಿಸಿದರೆ ತಣ್ಣಗೆ, ತೂಕ ಹೆಚ್ಚುಕಮ್ಮಿ ಎರಡರಷ್ಟು. ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು, ಅಂದರೆ ವಲ್ಕನೈಟ್, ಹಗುರವಾಗಿಯೂ ಬೆಚ್ಚಗೂ ಇದ್ದು ಮೋಸ ಮಾಡುತ್ತದೆ; ಆದರೆ ವರ್ಷಗಟ್ಟಲೆ ಬೆಳಕು ಬಿದ್ದರೆ ಕಪ್ಪು ಹೋಗಿ ಕಾಕಿ ಬಣ್ಣಕ್ಕೆ ತಿರುಗುತ್ತದೆ, ಉಜ್ಜಿದರೆ ಗಂಧಕದ ವಾಸನೆ. ಐರ್ಲೆಂಡಿನ ಜೌಗು ನೆಲದಲ್ಲಿ ಹೂತು ಕಪ್ಪಾದ ಓಕ್ ಮರವನ್ನೂ ಕೆತ್ತುತ್ತಿದ್ದರು, ಅದಕ್ಕೆ ಹೊಳಪು ಇಲ್ಲ, ಮರದ ಗೆರೆ ಕಾಣುತ್ತದೆ. ನಿಜವಾದ ಜೆಟ್ಟನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಎಳೆದರೆ ಕಂದು ಗೆರೆ ಬೀಳುತ್ತದೆ. ನಮ್ಮ ಒರೆಗಲ್ಲು ಕಪ್ಪು, ಅದರ ಮೇಲೆ ಹಳದಿ ಗೆರೆ ನೋಡುತ್ತೇವೆ. ಇಲ್ಲಿ ಬಿಳಿಯ ಮೇಲೆ ಮರದ ಬಣ್ಣ.

ವಿಕ್ಟೋರಿಯಾಳ ಒಡವೆ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ವಜ್ರ, ನೀಲಮಣಿಗಳಿಗೆ ಬರವಿರಲಿಲ್ಲ. ಆದರೆ ಅವಳು ಜೋಪಾನ ಮಾಡಿದ್ದು ಬೇರೆ ಬಗೆಯವು. 1847ರಲ್ಲಿ ಸ್ಕಾಟ್ಲೆಂಡಿನಲ್ಲಿದ್ದಾಗ ಹಿರಿಯ ಮಗಳ ಮೊದಲ ಹಾಲುಹಲ್ಲನ್ನು ಆಲ್ಬರ್ಟ್ ಕೈಯಾರೆ ಕಿತ್ತ. ಆ ಹಲ್ಲನ್ನು ಥಿಸಲ್ ಹೂವಿನ ಆಕಾರದ ಎನಾಮೆಲ್ ಬ್ರೂಚಿನಲ್ಲಿ ಹೂವಿನ ಜಾಗಕ್ಕೆ ಕೂರಿಸಿದರು. ಕೊನೆಯ ಮಗಳು ಬಿಯಾಟ್ರಿಸ್‌ಳ ಹಲ್ಲುಗಳಿಂದ ಫ್ಯುಷಿಯಾ ಹೂವಿನಂಥ ಪದಕ, ಓಲೆಗಳು. ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಹಂಚಿನ ಮೇಲೆ ಎಸೆದ ನಮಗೆ ಇದು ವಿಚಿತ್ರ. ಆದರೆ ಮಗುವಿನ ಮೊದಲ ಕೂದಲನ್ನು ಕಾಗದದ ಪೊಟ್ಟಣದಲ್ಲಿ ಮಡಿಚಿ ಇಟ್ಟ ತಾಯಂದಿರು ಎಲ್ಲ ದೇಶದಲ್ಲೂ ಇದ್ದಾರೆ. ಅರಸಿಗೆ ಅಕ್ಕಸಾಲಿಗರಿದ್ದರು, ಅಷ್ಟೇ.

ಕೂದಲಿನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಅದೊಂದು ಪೂರ್ತಿ ಕಸುಬೇ ಆಗಿತ್ತು. ಕೂದಲನ್ನು ಮೊದಲು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದರು. ಒಣಗಿದ ಮೇಲೆ ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ, ಎಣಿಸಿ, ಸಣ್ಣ ಸಣ್ಣ ಎಳೆಗಳ ಕಟ್ಟು ಮಾಡಬೇಕು. ನಡುವೆ ತೂತಿರುವ ದುಂಡು ಮೇಜು. ಮೇಜಿನ ಅಂಚಿನಿಂದ ಸುತ್ತಲೂ ಎಳೆಗಳು ಇಳಿಬಿದ್ದಿರುತ್ತವೆ, ಪ್ರತಿ ಎಳೆಯ ತುದಿಗೂ ಸೀಸದ ತೂಕದ ಉರುಳೆ. ಇದನ್ನು ಅದರ ಮೇಲೆ, ಅದನ್ನು ಇದರ ಕೆಳಗೆ ಎಂದು ಕ್ರಮ ತಪ್ಪದೆ ದಾಟಿಸುತ್ತ ಹೋದರೆ ನಡುವಿನ ತೂತಿನಲ್ಲಿ ಸಣ್ಣ ಕೊಳವೆಯ ಹಾಗೆ ಹೆಣಿಗೆ ಇಳಿಯುತ್ತದೆ. ಒಳಗೊಂದು ಕಡ್ಡಿ ಇಟ್ಟು ಹೆಣೆದು, ಮತ್ತೆ ಕುದಿಸಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಆಮೇಲೆ ಎರಡು ತುದಿಗೂ ಚಿನ್ನದ ಟೋಪಿ. ಗಡಿಯಾರದ ಸರಪಳಿ, ಕಡಗ, ಓಲೆ, ಎಲ್ಲವೂ ಕೂದಲಿನದೇ. ಸ್ವೀಡನ್ನಿನ ವೊಮ್‌ಹುಸ್ ಎಂಬ ಹಳ್ಳಿಯ ಹೆಣ್ಣುಮಕ್ಕಳು ಈ ವಿದ್ಯೆಯನ್ನೇ ನಂಬಿ ಊರೂರು ತಿರುಗಿ ಬ್ರಿಟನ್ನಿನವರೆಗೂ ಬಂದರು. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಇದಕ್ಕೆಂದೇ ಅಂಗಡಿಗಳಿದ್ದವು.

ಅಂಗಡಿಗೆ ಕೊಟ್ಟರೆ ಒಂದು ಭಯ. ಹೆಣೆಯಲು ಉದ್ದ ಕೂದಲು ಬೇಕು, ಕಾಯಿಲೆ ಬಿದ್ದು ಸತ್ತ ಮಗುವಿನದು ಗೇಣುದ್ದವೂ ಇರುವುದಿಲ್ಲ. ಕೆಲಸಗಾರ ಕೈಗೆ ಸಿಕ್ಕ ಬೇರೆ ಕೂದಲು ಹೆಣೆದು ಕೊಟ್ಟರೆ? ಆ ಅನುಮಾನ ಎಷ್ಟು ಬಲವಾಗಿತ್ತೆಂದರೆ, ಮನೆಯಲ್ಲೇ ಹೆಣೆಯುವುದನ್ನು ಹೇಳಿಕೊಡುವ ಪುಸ್ತಕಗಳು ಬಂದವು. ಎಷ್ಟೋ ತಾಯಂದಿರು, ಅಕ್ಕತಂಗಿಯರು ದುಂಡು ಮೇಜಿನ ಮುಂದೆ ತಾವೇ ಕೂತರು. ಈ ಚಿತ್ರ ನನ್ನನ್ನು ತುಂಬ ಕಾಡುತ್ತದೆ. ಅಷ್ಟು ಸಣ್ಣ ಎಳೆಗಳನ್ನು ಎಣಿಸುವಾಗ ಕಣ್ಣು ಒದ್ದೆಯಾಗಿದ್ದರೆ ಕೆಲಸ ಕೆಡುತ್ತದೆ.

ಚಿನ್ನದ ಕತೆಯಲ್ಲಿ ನಮ್ಮ ಪಾಲೂ ಇದೆ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ನೆಲದಡಿಯಿಂದ ತೆಗೆದ ಚಿನ್ನ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಕೆ.ಜಿ.ಎಫ್. ಗಣಿಗಳ ಮೂರು ಕಿಲೋಮೀಟರು ಆಳದ ಬಿಸಿಯಲ್ಲಿ ಬೆಂದವರು, ಬಂಡೆ ಸಿಡಿದು ಸತ್ತವರು ತಮಿಳು, ತೆಲುಗು, ಕನ್ನಡದ ಕೂಲಿಗಳು. ವಿಕ್ಟೋರಿಯಾಳ ಕೊನೆಗಾಲದ, ಅವಳ ಮಗ ಎಡ್ವರ್ಡನ ಕಾಲದ ಬ್ರಿಟಿಷ್ ಲಾಕೆಟ್ಟೊಂದನ್ನು ಕಂಡಾಗ ಇದರಲ್ಲಿ ಕೋಲಾರದ ಕಣ ಇರಬಹುದೇ ಎಂದು ನನ್ನ ಮನಸ್ಸು ಕೇಳದೆ ಇರುವುದಿಲ್ಲ. ಅದನ್ನು ಯಾರೂ ಹೇಳಲಾರರು. ಚಿನ್ನ ಕರಗಿದ ಮೇಲೆ ಆಸ್ಟ್ರೇಲಿಯದ್ದೂ ಕ್ಯಾಲಿಫೋರ್ನಿಯದ್ದೂ ಕೋಲಾರದ್ದೂ ಒಂದೇ. ಒಳಗೆ ಒತ್ತಿದ ಮುದ್ರೆ ಎಷ್ಟು ಕ್ಯಾರೆಟ್ ಎಂದು ಹೇಳುತ್ತದೆ, ಯಾವ ಊರಿನಲ್ಲಿ ಪರೀಕ್ಷೆಯಾಯಿತೆಂದು ಹೇಳುತ್ತದೆ, ಯಾರ ಬೆನ್ನ ಮೇಲೆ ಬಂತೆಂದು ಹೇಳುವುದಿಲ್ಲ.

ಹಳೆಯ ಒಡವೆ ಉಳಿಯಬೇಕಾದರೆ ಎರಡೇ ದಾರಿ ಎಂದು ನನಗೆ ಅನಿಸುತ್ತದೆ. ಒಂದು, ಯಾರ ಕೈಗೂ ಸಿಗದಂತೆ ಹೂತುಹೋಗಬೇಕು. 1912ರಲ್ಲಿ ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಹಳೆಯ ಕಟ್ಟಡ ಕೆಡವುತ್ತಿದ್ದ ಕೂಲಿಯವರ ಗುದ್ದಲಿಗೆ ನೆಲಮಾಳಿಗೆಯೊಂದರಲ್ಲಿ ನಿಧಿ ತಾಕಿತು. ಸುಮಾರು 500 ಒಡವೆ, ಹರಳುಗಳು: ಭಾರತ, ಸಿಂಹಳ, ಬರ್ಮಾಗಳಿಂದ ಬಂದ ಕಲ್ಲು, ಒಂದೇ ದೊಡ್ಡ ಕೊಲಂಬಿಯಾ ಪಚ್ಚೆಯನ್ನು ಕೊರೆದು ಒಳಗೆ ಕೂರಿಸಿದ ಗಡಿಯಾರ. ಒಂದು ಹರಳಿನ ಮೇಲಿದ್ದ ಮನೆತನದ ಲಾಂಛನ 1640ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ನೆಲಮಾಳಿಗೆಯ ಮೇಲೆ 1666ರ ಮಹಾ ಬೆಂಕಿಯ ಗುರುತು. ನಡುವಿನ ಆ 26 ವರ್ಷದಲ್ಲಿ ಅಕ್ಕಸಾಲಿಯೊಬ್ಬ ಹೂತಿಟ್ಟು, ತೆಗೆದುಕೊಳ್ಳಲು ಬರಲೇ ಇಲ್ಲ. ಆ ಕಾಲದ ಇಂಗ್ಲಿಷ್ ಒಡವೆ ಹೇಗಿತ್ತೆಂದು ನಮಗೆ ಇಷ್ಟು ಚೆನ್ನಾಗಿ ತಿಳಿದಿರುವುದು ಅವನು ಬಾರದಿದ್ದುದರಿಂದ.

ಇನ್ನೊಂದು ದಾರಿ ಈ ಕೂದಲಿನದು, ಜೆಟ್ಟಿನದು. ಕರಗಿಸಿದರೆ ಏನೂ ಸಿಗುವುದಿಲ್ಲ, ಸುಟ್ಟ ವಾಸನೆ ಬಿಟ್ಟು. ಚೌಕಟ್ಟಿನ ಚಿನ್ನವೂ ಅಲ್ಪ. 1854ರ ಕಾನೂನು 15, 12, 9 ಕ್ಯಾರೆಟ್ಟಿಗೂ ಮುದ್ರೆ ಕೊಟ್ಟ ಮೇಲೆ ಬಡವರೂ ಸಣ್ಣ ಲಾಕೆಟ್ಟು ಕೊಳ್ಳುವಂತಾಯಿತು. ಮಾರಲು ಮನಸ್ಸು ಬಾರದ್ದು, ಮಾರಿದರೂ ಕಾಸು ಹುಟ್ಟದ್ದು. ಅದಕ್ಕೇ ಡ್ರಾಯರಿನ ಮೂಲೆಯಲ್ಲಿ, ಅಟ್ಟದ ಪೆಟ್ಟಿಗೆಯಲ್ಲಿ ಉಳಿದವು.

ತೊಡುವ ರೂಢಿ ಮಾತ್ರ ನಿಂತುಹೋಯಿತು. 1887ರಲ್ಲಿ ರಾಣಿಯ ಪಟ್ಟದ ಐವತ್ತನೇ ವರ್ಷದ ಹೊತ್ತಿಗೇ ಜನರಿಗೆ ಕಪ್ಪು ಸಾಕಾಗಿತ್ತು, ಬೆಳ್ಳಿಯ ಒಡವೆ ಬಂದಿತ್ತು, ವಿಟ್‌ಬಿಯ ಕೆಲಸಗಾರರು ಬೇರೆ ಕಸುಬು ಹುಡುಕುತ್ತಿದ್ದರು. ಫೋಟೊ ಅಗ್ಗವಾಗಿತ್ತು, ಲಾಕೆಟ್ಟಿನ ಒಂದು ಮಗ್ಗುಲಲ್ಲಿ ಕೂದಲು ಇದ್ದರೆ ಇನ್ನೊಂದರಲ್ಲಿ ಮುಖವೇ ಬಂದು ಕೂತಿತ್ತು. 1914ರ ಯುದ್ಧದಲ್ಲಿ ಲಕ್ಷಗಟ್ಟಲೆ ಹುಡುಗರು ಫ್ರಾನ್ಸಿನ ಕೆಸರಿನಲ್ಲಿ ಸತ್ತರು. ದೇಹವೇ ಮನೆಗೆ ಬಾರದಿರುವಾಗ ಕೂದಲು ಎಲ್ಲಿಂದ ತರುವುದು? ಮನೆಯವರು ಮಗನ, ಗಂಡನ ರೆಜಿಮೆಂಟಿನ ಲಾಂಛನದ ಸಣ್ಣ ಬ್ರೂಚನ್ನು ಎದೆಗೆ ಚುಚ್ಚಿಕೊಂಡರು. ಕಾರ್ಖಾನೆಗೆ ಹೊರಟ ಹೆಂಗಸರಿಗೆ ಎರಡು ವರ್ಷ ಕಪ್ಪು ಉಟ್ಟು ಮನೆಯಲ್ಲಿ ಕೂರಲು ಪುರಸೊತ್ತಿರಲಿಲ್ಲ.

ಯಾರ್ಕ್‌ಷೈರಿನದೇ ಇನ್ನೊಂದು ಊರು ಹಾವರ್ತ್. ಬ್ರಾಂಟಿ ಅಕ್ಕತಂಗಿಯರ ಮನೆ ಈಗ ಮ್ಯೂಸಿಯಂ. ಅಲ್ಲೊಂದು ಅಮೆಥಿಸ್ಟ್ ಹರಳಿನ ಬ್ರೇಸ್ಲೆಟ್ ಇದೆ. 1848ರ ಡಿಸೆಂಬರ್ 19ರಂದು ಎಮಿಲಿ ಹೋದಳು, 1849ರ ಮೇ 28ರಂದು ಆ್ಯನ್. ಐದು ತಿಂಗಳ ಅಂತರದಲ್ಲಿ ತಂಗಿಯರಿಬ್ಬರನ್ನೂ ಕಳೆದುಕೊಂಡ ಷಾರ್ಲೆಟ್, ಇಬ್ಬರ ಕೂದಲನ್ನೂ ಸೇರಿಸಿ ಹೆಣೆಸಿ ಈ ಬ್ರೇಸ್ಲೆಟ್ ಮಾಡಿಸಿಕೊಂಡಳು. ಆರು ವರ್ಷದ ನಂತರ ಅವಳ ಕೂದಲೇ ಯಾರದೋ ಕತ್ತರಿಗೆ ಬಂದು ಉಂಗುರ ಸೇರಿತು. ಆ ಮೂವರದೆಂದು ಎಲ್ಲರೂ ಒಪ್ಪುವ ಫೋಟೊ ಒಂದೂ ಇಲ್ಲ. ಅವರ ಸೋದರ ಬ್ರಾನ್‌ವೆಲ್ ತನಗಿದ್ದಷ್ಟು ಕೈಚಳಕದಲ್ಲಿ ಬರೆದ ವರ್ಣಚಿತ್ರ ಇದೆ, ಅದೂ ಮಡಿಚಿಟ್ಟು ಬಿರುಕು ಬಿಟ್ಟದ್ದು. ಅವರ ಮುಖ ಹೇಗಿತ್ತೆಂದು ಇಂದಿಗೂ ಜನ ವಾದ ಮಾಡುತ್ತಾರೆ. ಕೂದಲು ಯಾವ ಬಣ್ಣದ್ದೆಂದು ವಾದವಿಲ್ಲ. ಆ ಬ್ರೇಸ್ಲೆಟ್ಟಿನಲ್ಲಿ ಅದು ಕಂದು, ಒಬ್ಬಳದು ಎಲ್ಲಿ ಮುಗಿದು ಇನ್ನೊಬ್ಬಳದು ಎಲ್ಲಿ ಶುರುವಾಗುತ್ತದೆಂದು ಹೇಳಲಾಗದ ಹಾಗೆ ಹೆಣೆದದ್ದು.